ಸರದಾರನನ್ನು ಮಾತಾಡಿಸಲು ಬನ್ನಿ, ಬರಬೇಡಿ!

ನಮ್ಮ ಕಾಕಾ ನನ್ನೊಡನೆ ಮಾತು ಬಿಟ್ಟದ್ದು ಹೊಲ-ಮನೆಯ ಜಗಳಕ್ಕಲ್ಲ. ಆಪರೇಷನ್ ಆದ ಅವರ ನಾಯಿಯನ್ನು ಮಾತಾಡಿಸಲು ನಾನು ಹೋಗಲಿಲ್ಲವೆಂದು! ಯಾರಾದರೂ ದವಾಖಾನೆಯಿಂದ ಮನೆಗೆ ಬಂದರೆ ಬಾಳೆಹಣ್ಣು ಹಿಡಿದು ಹೋಗಿ ಮಾತಾಡಿಸಿ ಬರುವುದು ನಮ್ಮ ಇಳಕಲ್ಲಿನ ರೂಢಿ. ಅದು ನಾಲ್ಕು ಕಾಲಿನವರಿಗೂ ಸಲ್ಲುತ್ತದೆಂದು ನನಗೇನು ಗೊತ್ತು?

ನಾಯಿಯ ಹೆಸರು ಸರದಾರ. ಇನ್ನೂ ವರ್ಷ ತುಂಬದ ಮರಿ. ಕಾಕಾನ ಪ್ರಕಾರ ಅಪ್ಪಟ ಮುಧೋಳ ತಳಿ. ಅವರ ಹೆಂಡತಿ, ನಮ್ಮ ಕಾಕುವಿನ ಪ್ರಕಾರ ಬಸ್‌ಸ್ಟ್ಯಾಂಡ್ ತಳಿ. ಹಿಂಗಾಲಿನ ಮೊಣಕಾಲ ಚಿಪ್ಪು ಜಾರಿ ಕುಂಟುತ್ತಿದ್ದ ಅವನನ್ನು ಕಾಕಾ ಬಾಗಲಕೋಟೆಗೆ ಒಯ್ದು ಆಪರೇಷನ್ ಮಾಡಿಸಿದರು. ತಮ್ಮ ಮೊಣಕಾಲು ಮಡಚಲಾಗದೆ ಮದುವೆಯ ಪಂಕ್ತಿಯಲ್ಲೂ ಕುರ್ಚಿ ಹಾಕಿಸಿಕೊಂಡು ಉಣ್ಣುವ ಮನುಷ್ಯ!

"ನಂದೇನ್ ಬಿಡಲೇ, ಹಳೇ ಗಾಡಿ. ಅವರು ಇನ್ನೂ ಓಡ್ಯಾಡಬೇಕಾದವರು" ಅಂದರು. ಅವರು ಎಂದರೆ ನಾಯಿ! ನಮಗೆಲ್ಲ 'ಲೇ', ಸರದಾರನಿಗೆ ಮಾತ್ರ 'ರೀ'.

ನಡೆಸುವಾಗ ಹಿಂಗಾಲಿಗೆ ಭಾರ ಬೀಳದಂತೆ ಹೊಟ್ಟೆಯಡಿ ಬಟ್ಟೆ ಹಾಕಿ ಎತ್ತಿ ಹಿಡಿಯಬೇಕಿತ್ತು. ಕಾಕಾ ಟ್ರಂಕಿನಿಂದ ಕಾಕುವಿನ ಇಳಕಲ್ ಸೀರೆಯನ್ನೇ ಎಳೆದರು.

"ಅಯ್ಯ, ನನ್ನ ಮದುವಿ ಸೀರಿ ರೀ ಅದು!"

"ನಾಕ ಮಂದಿ ನೋಡಾಕ ಬರ್ತಾರ. ಹರಕ ಧೋತ್ರ ಕಟ್ಟಲೇನು?"

ಮಂದಿ ಬಂದರು, ಬಾರದೆ ಏನು? ಕಾಕಾನ ಸಿಟ್ಟಿಗೆ ಹೆದರಿ ಹುನಗುಂದದ ಬೀಗರು ಕರದಂಟನ್ನೇ ತಂದರು. "ಅವರಿಗಿದು ಆಗಂಗಿಲ್ರಿ" ಎಂದು ಕಾಕಾ ತಾವೇ ತಿಂದರು. ಆದರೆ ಸರದಾರನಿಗೂ ಅತಿಥಿಗಳೆಂದರೆ ಪ್ರಾಣ. ಬಾಗಿಲು ಸಪ್ಪಳವಾದರೆ ಸಾಕು, ಮೂರೇ ಕಾಲಿನಲ್ಲಿ ಜಿಗಿದು, ಬಂದವರ ಎದೆ ಹತ್ತುತ್ತಿದ್ದ. ಬೀಗರ ಎದೆ ಹತ್ತಿ ಇಳಿದಾಗ ಚಿಪ್ಪು ಮತ್ತೆ ಜಾರಿತ್ತು. ಎರಡನೆಯ ಆಪರೇಷನ್!

ಈಗ ಕಾಕಾ ಬಾಗಿಲಲ್ಲೇ ಕುರ್ಚಿ ಹಾಕಿ ಕುಳಿತರು. "ಬರಬ್ಯಾಡ್ರಿ, ಹಂಗ ಹೋಗ್ರಿ." ಮನೆಗೆ ಬಂದವರನ್ನು ಚಹಾ ಕೊಡದೆ ಅಟ್ಟುವುದೆಂದರೆ ನಮ್ಮ ಕಡೆ ಸಣ್ಣ ಅಪರಾಧವೇ? ಬೀಗರು ಇಂದಿಗೂ ಮುಖ ಊದಿಸಿಕೊಂಡಿದ್ದಾರೆ. ಇಷ್ಟು ಕಾವಲಿದ್ದೂ ಒಂದು ದಿನ ಸರದಾರ ಜಿಗಿದ, ಚಿಪ್ಪು ಮೂರನೆಯ ಸಲ ಜಾರಿತು. ಮತ್ತೆ ಕೊಯ್ದು ಹೊಲಿದ ಡಾಕ್ಟರು ಸಿಟ್ಟಾದರು.

"ಇನ್ನೊಮ್ಮೆ ಜಾರಿದ್ರ ಕಾಲು ಉಳಿಯಂಗಿಲ್ಲ. ಯಾರನ್ನ ನೋಡಿ ಜಿಗೀತ್ರಿ?"

 ಸಂತೆಯಿಂದ ಮರಳಿದ ಕಾಕಾನನ್ನೇ ನೋಡಿ ಜಿಗಿದಿದ್ದ.

ಮರುದಿನ, ನನ್ನೊಡನೆ ಮಾತು ಬಿಟ್ಟಿದ್ದ ಅದೇ ಕಾಕಾ ಚೀಲ ಹಿಡಿದು ನಮ್ಮ ಮನೆಗೆ ಬಂದರು. "ಇಲ್ಲೇ ಇರ್ತೇನಿ. ನನ್ನ ಮಾರಿ ಕಂಡ್ರ ಜಿಗೀತಾರ ಅವರು." ಅವರ ಮನೆ ಇರುವುದು ಮುಂದಿನ ಓಣಿಯಲ್ಲಿ! ಅಲ್ಲಿ ಕಾಕು ಅದೇ ಮದುವೆ ಸೀರೆ ಹಿಡಿದು ಸರದಾರನನ್ನು ಅಂಗಳದಲ್ಲಿ ನಡೆಸುವರು, ಇಲ್ಲಿ ಕಾಕಾ ಫೋನಿನಲ್ಲಿ ಪಿಸುಗುಟ್ಟುವರು: "ಫೋನ ದೂರ ಹಿಡಿ, ನನ್ನ ದನಿ ಕೇಳೀತು." ದಿನವೂ ತಮ್ಮದೇ ಮನೆಯ ಹಿತ್ತಲ ಕಿಟಕಿಯಲ್ಲಿ ಕಳ್ಳನಂತೆ ಇಣುಕಿ ಬರುತ್ತಿದ್ದರು. ನೆರೆಯವರು ಒಮ್ಮೆ ಬಡಿಗೆ ಹಿಡಿದು ಬೆನ್ನಟ್ಟಿದ್ದೂ ಉಂಟು! ಊಟ ಮಾತ್ರ ಸರಿಯಾಗಿ ಸೇರುತ್ತಿರಲಿಲ್ಲ. ನಗುತ್ತಿದ್ದ ನನಗೇ ಪಾಪ ಅನ್ನಿಸತೊಡಗಿತು.

ಕೊನೆಗೆ ಡಾಕ್ಟರು ಇನ್ನು ಭಯವಿಲ್ಲ, ಆದರೂ ಜಿಗಿಸಬೇಡಿ ಎಂದರು. ನಾನೂ ಬಾಳೆಹಣ್ಣು ಹಿಡಿದು ಕಾಕಾನ ಜೊತೆ ಹೋದೆ. ಅವರು ಅಂಗಳದಲ್ಲೇ ನಿಂತುಬಿಟ್ಟರು.

"ನಿಂತ್ರ ಜಿಗೀತಾರ" ಎಂದವರೇ ನನ್ನ ಹೆಗಲು ಹಿಡಿದು, ಹಲ್ಲು ಕಚ್ಚಿ, ವರ್ಷಗಳಿಂದ ನೆಲ ಕಾಣದ ಮೊಣಕಾಲು ಮಡಚಿ ಹಾಸುಗಲ್ಲಿನ ಮೇಲೆ ಕುಳಿತರು. ಕಾಕು ಬಾಗಿಲು ತೆರೆದರು.

ಸರದಾರ ನಾಲ್ಕೂ ಕಾಲೂರಿ ನಡೆದು ಬಂದ. ಜಿಗಿಯುವ ಅಗತ್ಯವೇ ಇರಲಿಲ್ಲ; ಕಾಕಾನ ಮುಖ ಅವನ ಮುಖದ ಎತ್ತರಕ್ಕೇ ಇತ್ತು. ಅದನ್ನು ಒಂದೇ ಸಮನೆ ನೆಕ್ಕಿದ.

"ಆರಾಮ ಅದೀರೇನ್ರಿ?" ಎಂದರು ಕಾಕಾ. ದನಿ ಒಡೆದಿತ್ತು.  ಕಲ್ಲು ಕಾದಿತ್ತು, ನೋವಿಗೆ ಅವರ ಕಾಲು ನಡುಗುತ್ತಿತ್ತು. "ಏಳ್ರಿ ಕಾಕಾ" ಎಂದು ಕೈ ಕೊಟ್ಟೆ.

"ತಡೀಲೇ" ಎಂದರು, "ನಾ ಮಾತಾಡ್ಸಾಕ ಬಂದೇನಿ."