ಬೆಕ್ಕು ಕೂತ ಕಂಬಳಿ

ಶ್ರಾವಣಿ, ಮಹೇಶ, ನಿಮ್ಮ ಸಣ್ಣ ಮುತ್ಯಾ ಇದ್ದಾರಲ್ಲ, ನನ್ನ ಮೈದುನ, ಅವರಷ್ಟು ಒಣ ಮನುಷ್ಯ ಜಹೀರಾಬಾದಿನಿಂದ ತಾಂಡೂರಿನವರೆಗೆ ಹುಡುಕಿದರೂ ಸಿಗುವುದಿಲ್ಲ! ಇಡೀ ದಿನ ಕುರಿಗಳ ಜೊತೆ ಮಾತಾಡುತ್ತಾರೆ. ಮನೆಗೆ ಬಂದರೆ ನನ್ನ ಜೊತೆ ಎರಡೇ ಮಾತು: ತಾಟಿನ ಮುಂದೆ ಕೂತಾಗ "ಹಾಕ್ರಿ", ಹೊಟ್ಟೆ ತುಂಬಿದಾಗ "ಸಾಕು". ನಿಮ್ಮ ಮುತ್ಯಾ, ನನ್ನ ಯಜಮಾನರು, ತೀರಿಕೊಂಡ ದಿನ ಬಂದವರೆಲ್ಲ ಸಮಾಧಾನ ಹೇಳಿದರು. ಇವರೂ ಬಂದು ನಿಂತರು. ಏನೋ ಹೇಳುತ್ತಾರೆಂದು ಮುಖ ಎತ್ತಿದೆ.

"ಅತ್ತಿಗಿ, ಬೆಕ್ಕಿಗಿ ಹಾಲ್ ಹಾಕೀರಿಲ್ಲ?"

ಆ ಬೆಕ್ಕು ಬೆಳ್ಳಿ, ನಿಮ್ಮ ಮುತ್ಯಾ ಸಾಕಿದ್ದು. ಅವರು ಹೋದ ಮೇಲೆ ಇಲಿ ಹಿಡಿಯುವುದನ್ನೂ ಬಿಟ್ಟು ಮೂಲೆಯಲ್ಲಿ ಮುದುಡಿ ಮಲಗಿತು. ನಾನೂ ಹಾಗೇ ಮಲಗಿದ್ದೆ. ಎಲ್ಲರ ಕಣ್ಣಿಗೆ ಬಿದ್ದದ್ದು ಬೆಕ್ಕು ಮಾತ್ರ!

ಶ್ರಾವಣಿ, ನೀನು ಫೋನಿನಲ್ಲಿ ಹುಡುಕಿ ಕ್ಯಾಟ್‌ನಿಪ್ ಎಂಬ, ಬೆಕ್ಕಿಗೆ ಹುರುಪು ತರುವ ಒಣ ಎಲೆ ತರಿಸಿಕೊಟ್ಟೆ, ಪುದೀನದ ಜಾತಿಯದು. ಪೊಟ್ಟಣದ ಮೇಲಿನದನ್ನು ಓದಿ ಹೇಳಿದ್ದೂ ನೀನೇ: "ಒಂದ್ ಚಿಟಿಕಿ ಸಾಕು. ದಿನಾ ಕೊಟ್ರ ಬೆಕ್ಕಿಗಿ ಬ್ಯಾಸರ ಆಗ್ತದ. ಹೊಳ್ಳಾಡುವಾಗ ಎತ್ತಬ್ಯಾಡ್ರಿ, ಪರಚ್ತದ."

ಸಣ್ಣ ಮುತ್ಯಾ ನಂಬಿದರೇ? "ಮೊದಲ ನಾ ಕುಡದ್ ನೋಡ್ತೀನಿ" ಎಂದು ಚಹಾದಲ್ಲಿ ಕುದಿಸಿ ಕುಡಿದು ಕುರಿ ಹೊಡೆದುಕೊಂಡು ಹೋದರು. ಬೇವಿನ ಮರದ ಕೆಳಗೆ ಗೊರಕೆ! ಕುರಿಗಳು ಪಕ್ಕದ ಜೋಳದ ಹೊಲ ಹೊಕ್ಕವು. ಹೊಲದೊಡತಿ ನಮ್ಮ ಬಾಗಿಲಿಗೆ ಬಂದಳು.

"ಏನ್ ಕುಡದಿದ್ಯೋ ಮುದಕಾ?"

"ಬೆಕ್ಕಿನ ಔಷಧ."

ಅವಳಿಗೂ ನಗು ಬಂತು. ಹೋಗುವಾಗ ಮಾತ್ರ ನನ್ನ ಬೋಳು ಹಣೆ ನೋಡಿ ಮುಖ ತಿರುಗಿಸಿದಳು. ಹೊಲ ಮೇಯಿಸಿದ್ದು ಅವರು, ಅಪಶಕುನ ನಾನು!

ಮರುದಿನ ಬೆಳ್ಳಿಗೆ ಒಂದು ಚಿಟಿಕೆ ಹಾಕಿದೆವು. ಮೂಗು ತಾಗಿಸಿತು, ಕೆನ್ನೆ ಉಜ್ಜಿತು, ಮರಿಯ ಹಾಗೆ ಹೊರಳಾಡಿತು. ತುಸು ಹೊತ್ತಿಗೆ ತಣ್ಣಗಾಗಿ ಎದ್ದು ಹಾಲು ಕುಡಿಯಿತು. ನಾಲ್ಕು ದಿನ ಬಿಟ್ಟು ಮತ್ತೆ ಕೊಡೋಣವೆಂದರೆ ಪೊಟ್ಟಣ ಡಬ್ಬಿಯೊಳಗೆ, ಡಬ್ಬಿ ಜಂತಿಗೆ!

"ಬ್ಯಾಡ್ರಿ. ಬೇಕಾದಾಗ ನಾ ಕೊಡ್ತೀನಿ," ಎಂದರು ಸಣ್ಣ ಮುತ್ಯಾ.

ಬೆಕ್ಕಿನ ಸಂತೋಷಕ್ಕೂ ಇವರ ಅಪ್ಪಣೆ ಬೇಕೇ? ಈ ಮನೆಯಲ್ಲಿ ನಮಗೆ ಸಿಕ್ಕಿದ್ದೆಲ್ಲ ಚಿಟಿಕೆಯಷ್ಟೇ ಎಂದು ಒಲೆಗೆ ಹೇಳಿಕೊಂಡು ಅತ್ತೆ.

ಆಮೇಲೆ ನಾರಾಯಣಖೇಡದ ಕಾಕಾ, ಅಂದರೆ ನಿಮ್ಮ ಮುತ್ಯಾನ ಚಿಕ್ಕಪ್ಪ, ನಾಲ್ಕು ಜನ ಹಿರಿಯರನ್ನು ಜೀಪಿನಲ್ಲಿ ತುಂಬಿಕೊಂಡು ಬಂದರು. ಸತ್ತವರ ಕಂಬಳಿ ಮನೆಯಲ್ಲಿ ಇರಬಾರದು, ಯಾರಿಗಾದರೂ ಕೊಡಬೇಕು ಎಂಬುದು ನಮ್ಮವರ ಪದ್ಧತಿ. ನಿಮ್ಮ ಮುತ್ಯಾನ ಕಂಬಳಿಯಲ್ಲಿ ಇನ್ನೂ ಅವರ ಬೀಡಿಯ ವಾಸನೆ ಇತ್ತು. ನನಗೆ ಉಳಿದಿದ್ದು ಅದೊಂದೇ. ಕೊಡಬೇಡಿ ಎನ್ನಬೇಕು, ಬಾಯಿ ಬರಲಿಲ್ಲ. ನನ್ನ ಬಾಯಿ ಯಾವತ್ತು ಬಂದಿದೆ?

"ತರ್ತೀನಿ," ಎಂದು ಸಣ್ಣ ಮುತ್ಯಾ ಒಳಗೆ ಹೋದರು. ಎಷ್ಟು ಶಪಿಸಿದೆನೋ ಅವರನ್ನು! ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗಿದರು: "ಕಾಕಾ, ನೀವೇ ಬಂದು ತಗೊಳ್ರಿ."

ಕಂಬಳಿ ಹಾಸಿತ್ತು. ಅದರ ಮೇಲೆ ಬೆಳ್ಳಿ, ನಾಲ್ಕೂ ಕಾಲು ಮೇಲೆ! ಕಾಕಾ ಎತ್ತಲು ಕೈ ಹಾಕಿದರು. ಕೈಗೆ ರಕ್ತದ ಗೆರೆ ಬಿತ್ತು.

"ಎಬ್ಸೋ ಅದಕ್ಕ!"

"ಹ್ಯಾಂಗ್ ಎಬ್ಬಸ್ಲಿ? ಹಾಸಿದ ಕಂಬಳಿ ದೇವರ ಗದ್ದಿಗಿ, ಕುಂತವರಿಗಿ ಎಬ್ಬಸಬಾರ್ದು ಅಂತ ಕಲಸ್ದವರು ನೀವೇ."

"ಏ ಮಂಗ್ಯಾ, ಅದು ಮನಷ್ಯಾರಿಗಿ!"

"ಬೆಕ್ಕ ಬಿಟ್ಟು ಅಂತ ಅವತ್ತು ಹೇಳಿಲ್ಲಲ್ರಿ?"

ಕೊನೆಗೆ ಹಿರಿಯರೆಲ್ಲ ಚಹಾ ಕುಡಿದು, ಕಂಬಳಿ ಬಿಟ್ಟು ಜೀಪು ಹತ್ತಿದರು. ನನ್ನ ಬಳೆ ತೆಗೆಯುವಾಗ ಇದೇ ಜನ ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಬೆಕ್ಕನ್ನು ಎಬ್ಬಿಸಲು ಮಾತ್ರ ಅಂಜಿದರು.

ನಾನು ಒಳಗೆ ಹೋದಾಗ ಸಣ್ಣ ಮುತ್ಯಾ ಡಬ್ಬಿಯನ್ನು ಮತ್ತೆ ಜಂತಿಗೆ ಕಟ್ಟುತ್ತಿದ್ದರು. ಕೈಗೆಲ್ಲ ಎಲೆಯ ಪುಡಿ.

"ಇನ್ನಾ ಸ್ವಲ್ಪ ಅದ, ಅತ್ತಿಗಿ," ಎಂದರು, ನನ್ನ ಮುಖ ನೋಡದೆ. "ಮತ್ತ ಬಂದ್ರ ಬೇಕಾಗ್ತದ. ದಿನಾ ಕೊಟ್ಟಿದ್ರ ಬೆಕ್ಕು ಇವತ್ತು ಕುಂದರ್ತಿತ್ತೇನು?"

ಆ ದಿನ ಊಟಕ್ಕೆ ಕೂತಾಗ ಅವರು "ಸಾಕು" ಎಂದರು. ನಾನು ಕೇಳಲಿಲ್ಲ, ಇನ್ನೊಂದು ರೊಟ್ಟಿ ಹಾಕಿದೆ.

ಮಕ್ಕಳೇ, ಈ ಹಾಳೆಗಳನ್ನು ಆ ಕಂಬಳಿಯ ಮಡಿಕೆಯಲ್ಲೇ ಜೋಪಾನವಾಗಿ ಇಡಿ. ತೆಗೆದು ಓದಬೇಕೆನಿಸಿದಾಗ ಬೆಕ್ಕು ಕೂತಿದ್ದರೆ, ಅದು ತಾನಾಗಿ ಏಳುವವರೆಗೆ ಕಾಯಿರಿ.