ನಮ್ಮಕಿ ಕಡಲಿಗೆ ಉಡಿ ತುಂಬಿದ್ದು

ನಾಚಿಕಿ ಬಂದಾಗ ಮನಷ್ಯಾ ಮೊದಲ ಅಡಗಾಕ ಜಾಗಾ ಹುಡುಕ್ತಾನ. ನಮ್ಮ ಗದಗ ಕಡೆ ಕಣ್ಣು ಹರಿಯೂತನಕ ಎರಿ ಹೊಲ, ಬರೇ ಬಯಲು. ಅಡಗಾಕ ಒಂದು ದೊಡ್ಡ ಗಿಡ ಸೈತ ಸಿಗೂದಿಲ್ಲ. ಅದಕ್ಕ ನಮ್ಮ ಮಂದಿ ನಾಚಿಕೊಳ್ಳೂ ರೂಢಿನ ಇಟ್ಕೊಂಡಿಲ್ಲ ಅಂತ ನನ್ನ ಅಂದಾಜು. ನನಗೂ ಇರಲಿಲ್ಲ. ಮೀಸಿ ಬಂದಮ್ಯಾಲ ಸಣ್ಣ ಹುಡುಗರ ಬಾಜೂಕ ಕುಂತು ಮ್ಯಾಟ್ರಿಕ್ ಬರದಂವಾ ನಾನು, ಆವಾಗೂ ನಾಚಲಿಲ್ಲ. ಪಾಸಾಗಿ, ಸಿಪಾಯಿ ಇದ್ದಂವಾ ಅದ ಆಫೀಸಿನಾಗ ಗುಮಾಸ್ತ ಆದೆ ನೋಡ್ರಿ, ಆವತ್ತಿಂದ ಸುರು ಆತು. ನಿನ್ನಿತನಕ ಚಾ ತಂದುಕೊಟ್ಟಂವಾ ಇವತ್ತು ಕುರ್ಚಿ ಮ್ಯಾಲ ಕುಂತ್ರ, ಯಾರರ 'ಏಳಪಾ' ಅಂದಾರು ಅನ್ನೂ ಅಂಜಿಕಿ.

ಆ ವರ್ಷನ ನಮ್ಮ ಸಾಹೇಬ್ರು ಕಾರವಾರ ಕಡೆ ಕಡಲು ನೋಡಾಕ ಒಂದು ದಿವಸದ ಟೂರು ತಗದ್ರು. ಎರಡು ಆಫೀಸಿನ ಮಂದಿ ಒಂದ ಬಸ್ಸಿನಾಗ, ಯಾರ ಹೆಂಡ್ತಿ ಯಾರು ಅಂತ ಒಬ್ಬರಿಗೊಬ್ಬರಿಗೆ ಗೊತ್ತಿಲ್ಲ. ನಾನು ಮುಂದ ಸಾಹೇಬ್ರ ಹತ್ರ, ನಮ್ಮಕಿ ನೀಲವ್ವ ಹಿಂದ. "ಅಲ್ಲಿ ಹೋಗಿ ಹಳ್ಳ್ಯಾರ ಗತೆ ಏನೂ ಮಾಡಬ್ಯಾಡ" ಅಂತ ಮನಿ ಬಿಡೂ ಮುಂದನ ಹೇಳಿದ್ದೆ. "ನಾ ಡಂಬಳದಾಕಿ, ಡಂಬಳದಾರ ಗತೆ ಇರ್ತೀನಿ" ಅಂದಿದ್ಲು. ಅದು ಒಪ್ಪಿಗಿ ಅಂತ ತಿಳಕೊಂಡಿದ್ದು ನನ್ನ ತಪ್ಪು.

ಗೈಡ್ ಅಲ್ಲಿಯವನ. ಕೈಯಾಗ ಛತ್ರಿ, ಬಾಯಾಗ ಪುಸ್ತಕದ ಕನ್ನಡ. ಬೀಚ್ ಮ್ಯಾಲ ನಮ್ಮನ್ನ ಸಾಲಾಗಿ ನಿಲ್ಲಿಸಿ, "ಅಗೋ, ಆ ಮರಳಿನ ದಿಬ್ಬಗಳನ್ನು ನೋಡಿ. ಗಾಳಿ ಅವುಗಳನ್ನು ಜಾಗ ಬಿಟ್ಟು ಜಾಗಕ್ಕೆ ಸರಿಸುತ್ತದೆ" ಅಂದ. "ಹಂಗಾದ್ರ ಹೊಲದ ಗಡಿಗೆ ಏನ ಮಾಡ್ತೀರಿ?" ಅಂತ ನಮ್ಮ ಕಡೆ ಅಂತೂರ ಬೆಂತೂರ ಊರಿನ ಒಬ್ಬಾಂವ ಕೇಳಿದ. ಗೈಡ್ ಕಡಲಿನ ಕಡೆ ತಿರುಗಿದ.

ತಿರುಗಿದಾಂವ ಹಂಗ ನಿಂತಬಿಟ್ಟ. ನೀರಿನ ದಂಡಿಗೆ ನೀಲವ್ವ. ಕೈಯಾಗ ಹಸರು ಖಣ, ಅಕ್ಕಿ, ಕೊಬ್ಬರಿ ಬಟ್ಟಲ, ಬಾಳಿಹಣ್ಣು, ಕುಂಕುಮದ ಡಬ್ಬಿ. ಓಡಿಹೋಗಿ ಸಣ್ಣಗ ಕೇಳಿದೆ, "ಏನ ಲೇ ಇದು?"

"ಒಂದು ಕೆರಿ ತುಂಬಿದ್ರ ಗಂಗವ್ವಗ ಉಡಿ ತುಂಬತೀವಿ. ಇಷ್ಟು ನೀರು ಇಟ್ಕೊಂಡು ಕುಂತಾಕಿ ಮುಂದ ಖಾಲಿ ಕೈಲೆ ನಿಂದರೂದನು?"

ಯಾರರ ನೋಡ್ಯಾರು ಅಂತ ದಿಬ್ಬದ ಕಡೆ ನಡದೆ. ದಾರ್‍ಯಾಗ ಸಾಹೇಬ್ರ ಹೆಂಡತಿ, "ಶಂಕ್ರಪ್ಪ, ಯಾರ್ರಿ ಆ ಹೆಣ್ಮಗಳು?" ಅಂದ್ರು.

"ಗೊತ್ತಿಲ್ರಿ. ಯಾವುದೋ ಹಳ್ಳ್ಯಾಕಿ ಇರಬೇಕು" ಅಂದು ದಿಬ್ಬದ ಹಿಂದ ಹೋಗಿ ಕುಂತೆ. ಉಸುಕು ಕೆಂಡದಂಗ ಸುಡತಿತ್ತು. ತಲಿ ಅಷ್ಟ ಮ್ಯಾಲ ಮಾಡಿ ನೋಡತಿದ್ದೆ.

ಆಕಿ ಕುಂಕುಮ ಏರಿಸಿ ಉಡಿ ನೀರಿಗೆ ಬಿಟ್ಲು. ತೆರಿ ಬಂದು ಖಣ ಎಳಕೊಂಡು ಹೋತು, ಮತ್ತೊಂದು ತೆರಿ ತಂದು ಆಕಿ ಕಾಲಾಗ ಒಗೀತು. ಗೈಡ್ ನಕ್ಕು, "ಅಮ್ಮಾ, ಸಮುದ್ರಕ್ಕೆ ಬೇಡವಂತೆ" ಅಂದ.

"ಬ್ಯಾಡಲ್ಲ ತಮ್ಮಾ. ಉಡಿ ತುಂಬಿಸಿಕೊಂಡಾಕಿ ತಿರುಗಿ ಏನರ ಕೊಟ್ಟು ಕಳಸಬೇಕು. ಪದ್ಧತಿ ಗೊತ್ತೈತಿ ಆಕಿಗೆ" ಅಂತ ಖಣ ಹಿಂಡಿ ಹೆಗಲ ಮ್ಯಾಲ ಹಾಕ್ಕೊಂಡ್ಲು.

ಯಾರೂ ನಗಲಿಲ್ಲ. ಸಾಹೇಬ್ರ ಹೆಂಡತಿ ಚಪ್ಪಲಿ ಬಿಟ್ಟು ಹೋಗಿ, "ನಮಗೂ ಒಂದೀಟು ಕುಂಕುಮ ಕೊಡವಾ" ಅಂದ್ರು. ಬಸ್ಸಿನ ಹೆಣ್ಮಕ್ಕಳೆಲ್ಲಾ ಆಕಿ ಸುತ್ತ ನೆರದ್ರು. ಹೆಣ್ಮಕ್ಕಳು ಕೂಡಿ ಉಡಿ ತುಂಬಿದಮ್ಯಾಲ ಗಂಡನ ಹೆಸರು ಒಡಪಿನಾಗ ಹೇಳಿಸದ ಬಿಡ್ತಾರನು? "ನಿಮ್ಮವರ ಹೆಸರು ಹೇಳವಾ" ಅಂದ್ರು. ನೀಲವ್ವ ದಿಬ್ಬದ ಕಡೆ ಒಮ್ಮಿ ನೋಡಿದ್ಲು. ನಾ ತಲಿ ತಗ್ಗಿಸೂದ್ರಾಗ ಹೇಳೇಬಿಟ್ಲು:

"ತುಂಬಿದ ಕಡಲವ್ವಗ ಬಂದೀನಿ ಉಡಿ ತುಂಬಾಕ,
ಶಂಕ್ರಪ್ಪನವರು ಓಡ್ಯಾರ ದಿಬ್ಬದ ಹಿಂದ ಅಡಗಾಕ."

ಈಗ ನಕ್ರು. ಸಾಹೇಬ್ರೂ ನಕ್ರು. ಎದ್ದು ಬರದ ಬ್ಯಾರೆ ಹಾದಿ ಇರಲಿಲ್ಲ. "ಗೊತ್ತಿಲ್ಲ ಅಂದ್ರಲ್ರಿ?" ಅಂದ್ರು ಸಾಹೇಬ್ರ ಹೆಂಡತಿ. "ದೂರಿಂದ ಗುರುತು ಹತ್ತಲಿಲ್ರಿ" ಅಂದೆ. "ಹಂಗಾದ್ರ ಹತ್ರ ಬಂದು ನೋಡ್ರಿ" ಅಂದ್ಲು ನಮ್ಮಕಿ. ಆಕಿ ನಗತಿರಲಿಲ್ಲ.

ವಾಪಸ್ ಬರೂ ಮುಂದ ಆಕಿ ಸಾಹೇಬ್ರ ಹೆಂಡತಿ ಬಾಜೂಕ ಮುಂದ ಕುಂತ್ಲು, ನಾ ಹಿಂದ. ಹುಬ್ಬಳ್ಳಿ ದಾಟಿದ್ರೂ ಒಮ್ಮಿನೂ ತಿರುಗಿ ನೋಡಲಿಲ್ಲ.

ಮೊನ್ನಿ ಇದನ್ನ ಟೈಪ್ ಮಾಡೂ ಮುಂದ ಆಕಿ ಬಂದು, "ಏನ ಬಡ್ಯಾಕತ್ತೀರಿ?" ಅಂತ ಕೇಳಿದ್ಲು.

"ಕಡಲಿಂದು."

"ಅದರಾಗ ನಾ ಅದೀನೇನು?"

"ಇಲ್ಲ" ಅಂದೆ.