ಶೇಖಪ್ಪನ ಮನೆಯ ಬ್ಯಾಂಡು

ಹೆಂಡತಿ ಊರಿಗೆ ಹೋದರೆ ಗಂಡಸಿಗೆ ಸ್ವರ್ಗಸುಖ ಎನ್ನುವವರನ್ನು ಹಿಡಿದು ತಂದು, ಬಂಗೂರನಗರದ ಶೇಖಪ್ಪನ ಮನೆಯಲ್ಲಿ ಒಂದು ವಾರ ಕೂಡಿಹಾಕಬೇಕು. ಹೆಂಡತಿ ನಿರ್ಮಲಾ ತನ್ನ ತಂಗಿಯ ಮಗಳ ಬಾಣಂತನಕ್ಕೆಂದು ಮುಂಡಗೋಡಿಗೆ ಹೋದಂದಿನಿಂದ ಅವನು ಗೋಡೆಯ ಹಲ್ಲಿಯ ಜೊತೆ ಮಾತಾಡತೊಡಗಿದ್ದ. (ಹಲ್ಲಿಯಾದರೂ ಲೊಚಗುಟ್ಟಿ ಉತ್ತರ ಕೊಡುತ್ತಿತ್ತು.) ಆದರೆ ಬೇಸರವಾಗಿದೆ, ಬಾ ಎಂದು ಬಾಯಿಬಿಟ್ಟು ಹೇಳುವುದು ಇಂಥ ಪುರುಷಸಿಂಹನಿಗೆ ಶೋಭಿಸುತ್ತದೆಯೇ?

ಅವನ ಪಾಲಿಗೆ ಉಳಿದದ್ದು ಹಳಿಯಾಳದ ಅಂತೋನಿ ಕೊಟ್ಟ ರೆಕಾರ್ಡು. ಅಂತೋನಿ ಗಿರಣಿಯಲ್ಲಿ ಜೊತೆಗೆ ದುಡಿದ ಕಾಲದ ಗೆಳೆಯ, ಈಗ ಮದುವೆಗಳಲ್ಲಿ ಬ್ಯಾಂಡು ಬಾರಿಸುತ್ತಾನೆ. ಅನಮೋಡ ಘಟ್ಟ ಇಳಿದು ಗೋವಾಕ್ಕೆ ಹೋದಾಗ ತಂದುಕೊಟ್ಟಿದ್ದ. ಅದರಲ್ಲಿ ಒಬ್ಬ ಸಾಹೇಬ, ಹಿಂದೆ ಕಹಳೆ, ಸ್ಯಾಕ್ಸೋಫೋನು, ಡ್ರಮ್ಮುಗಳ ದಂಡು ಕಟ್ಟಿಕೊಂಡು, ತುಂಬಿದ ಸಭೆಯ ಮುಂದೆ ಇಂಗ್ಲಿಷಿನಲ್ಲಿ ಪ್ರೇಮಗೀತೆ ಹಾಡುತ್ತಿದ್ದ. ಶೇಖಪ್ಪನಿಗೆ ಒಂದಕ್ಷರ ತಿಳಿಯದಿದ್ದರೂ ಮನೆಯಲ್ಲಿ ಮಂದಿ ಇದ್ದಂತೆ ಅನ್ನಿಸುತ್ತಿತ್ತು. ಹಳೆಯ ಪ್ಲೇಯರಿನ ದನಿ ಏರಿಸಿ, ಅದರ ಮುಂದೆಯೇ ಕೂತು ಊಟ ಮಾಡುತ್ತಿದ್ದ.

ಅವತ್ತು ಮಧ್ಯಾಹ್ನ ಊಟದ ನಡುವೆ ನಿರ್ಮಲಾಳ ಫೋನು ಬಂತು. ಎಂಜಲು ಕೈ, ಸ್ಪೀಕರ್ ಹಾಕಿದ.

"ಏನ್ರೀ ಅದು ಗದ್ದಲಾ? ಅಂತೋನಿ ತನ್ನ ಬ್ಯಾಂಡಿನವ್ರನ್ನೆಲ್ಲಾ ಕರಕೊಂಡ ಬಂದಾನೇನು?"

ಪುಕ್ಕಟೆ ಸಿಕ್ಕ ಪ್ರತಿಷ್ಠೆಯನ್ನು ಬಿಡುವುದು ಹೇಗೆ? "ಹೌದು ಮತ್ತ! ನಮ್ಮನ್ಯಾಗ ತಾಲೀಮು ನಡಿಸ್ಯಾರ. ಹದಿನೈದು ಮಂದಿ. ನನಗೇನ್ ಕಡಿಮಿ ಆಗೇತಿ?"

"ಊಟಾ?"

"ಬ್ಯಾಂಡಿನವ್ರನ್ನ ಊಟಾ ಹಾಕದ ಕಳಸಾಕ ಬರ್ತೈತೇನು?"

"ಚಲೋ ಆತ ಬಿಡ್ರಿ. ಪಾಪ, ಒಬ್ಬರ ಅದಾರ ಅಂತ ಸಂಜಿ ಬಸ್ಸಿಗೆ ಬರಾಕ ಚೀಲಾ ಕಟ್ಟಿದ್ದೆ. ಈಗ ಬಂದು ಹದಿನೈದು ಮಂದಿಗೆ ರೊಟ್ಟಿ ಬಡೀಲೇನು? ಕೂಸಿನ ತೊಟ್ಟಿಲಾ ಮುಗಿಸೇ ಬರ್ತೇನಿ."

ಶೇಖಪ್ಪ ಕೈಯ ತುತ್ತನ್ನು ತಟ್ಟೆಗೆ ಬಿಟ್ಟ. "ಯಾರೂ ಇಲ್ಲ, ದೇವರಾಣಿ! ಅದು ರೆಕಾರ್ಡು!"

ಆಗಲೇ ಹಾಡುವ ಸಾಹೇಬ ಏನೋ ಚಟಾಕಿ ಹಾರಿಸಿದ. ಸಭೆ ಘೊಳ್ಳೆಂದು ನಕ್ಕಿತು.

"ಸುಳ್ಳರ ಎಷ್ಟ ಹೇಳ್ತೀರಿ? ಹಿಂದ ಮಂದಿ ನಗಾಕತ್ತಾರಲ್ಲ!"

ಶೇಖಪ್ಪ ಎಂಜಲು ಕೈಯಲ್ಲೇ ಹಾರಿ ಪ್ಲೇಯರು ನಿಲ್ಲಿಸಿದ.

"ಅಯ್ಯ, ನಾ ಅಂದದ್ದು ಅವ್ರಿಗೆ ಕೇಳ್ತೇನು? ಎಲ್ಲಾರೂ ಒಮ್ಮೆಲೇ ಸುಮ್ಮನಾದ್ರಲ್ಲ!"

ಮನೆ ಗವ್ವೆಂದಿತು. ಆ ಮೌನದಲ್ಲಿ ಪುರುಷಸಿಂಹ ಮೆತ್ತಗಾದ. ಮದುವೆಯಾದಂದಿನಿಂದ ನಾಲಿಗೆಗೆ ಬಾರದ ಮಾತು ತಾನಾಗಿಯೇ ಹೊರಬಿತ್ತು. "ನಿರ್ಮಲಾ, ನೀ ಇಲ್ಲದ ಮನಿ ತಿನ್ನಾಕ ಬಂದಂಗ ಆಗೇತಿ. ಒಬ್ಬನ ಇರಾಕ ಆಗವಲ್ದು. ಬಂದ್ಬಿಡು."

ಆ ಕಡೆಯ ದನಿ ಸಣ್ಣದಾಯಿತು. "ಥೂ! ಹದಿನೈದು ಮಂದಿ ಕೂತು ಕೇಳಾಕತ್ತಾರ. ಅವ್ರ ಮುಂದ ಹಿಂತಾ ಮಾತ ಆಡ್ತಾರೇನ್ರೀ? ಮೊದಲ ಅವ್ರಿಗೆ ಊಟಕ್ಕ ನೀಡ್ರಿ."

ಫೋನು ಕಟ್ಟಾಯಿತು. ಶೇಖಪ್ಪ ಮತ್ತೆ ಮತ್ತೆ ಮಾಡಿದ. ನಿರ್ಮಲಾ ಎತ್ತಲಿಲ್ಲ, ನಾಚಿಕೊಂಡಿದ್ದಳು.